ವಿಜಯಪುರದ ಬ್ಯಾಸಿಗ್ಯಾಗ ಸಣ್ಣ ಡೀಪ್ ಫ್ರೀಜರ್

ಮೊದಲ ಜಾಗಾ ನೋಡ್ರಿ. ಮೇ ತಿಂಗಳದಾಗ ನಮ್ಮೂರು 40 ಡಿಗ್ರಿ ದಾಟತೈತಿ. ಪತ್ರಾಸಿನ ಕೆಳಗ ಇಟ್ಟರ ಕಂಪ್ರೆಸರಿಗೆ ಬಿಡುವೇ ಇಲ್ಲ. ಗೋಡಿಗೆ ಅಂಟಿಸಬ್ಯಾಡ್ರಿ. ಫ್ರೀಜರಿನ ಹೊರಮೈ ಬೆಚ್ಚಗಾದರ ಅಂಜಬ್ಯಾಡ್ರಿ, ಭಾಳ ಮಾಡೆಲ್‌ದಾಗ ಬಿಸಿ ಹೊರಹಾಕೋ ಕೊಳವಿ ಅಲ್ಲೇ ಇರತಾವ. ಒಳಗ ಮೈನಸ್ 18 ಇರಬೇಕು. ಡಯಲ್ ಮ್ಯಾಲಿನ ಅಂಕಿ ಡಿಗ್ರಿ ಅಲ್ಲ, ಥರ್ಮಾಮೀಟರ್ ಇಟ್ಟು ನೋಡ್ರಿ.

ಕರೆಂಟ್ ಹೋದರ ಮುಚ್ಚಳ ತೆಗೀಬಾರದು. ನಮ್ಮನಿ ಹುಡುಗರಿಗೆ ಇದನ್ನ ಹೇಳಿ ಹೇಳಿ ಸಾಕಾಗೇತಿ! ಪೂರ್ತಿ ತುಂಬಿದ್ದರ ಸುಮಾರು 48 ತಾಸು, ಅರ್ಧ ತುಂಬಿದ್ದರ 24 ತಾಸು ತಡೀತೈತಿ. ಅದಕ್ಕ ಖಾಲಿ ಜಾಗಾದಾಗ ನೀರಿನ ಬಾಟ್ಲಿ ತುಂಬ್ರಿ, ಕಂಠದ ಮಟ ಬ್ಯಾಡ, ನೀರು ಹೆಪ್ಪಾದರ ಉಬ್ಬತೈತಿ. ಊರಿಗೆ ಹೋಗೂ ಮುಂದ ಹೆಪ್ಪುಗಟ್ಟಿದ ನೀರಿನ ವಾಟಗದ ಮ್ಯಾಲ ಒಂದು ರೂಪಾಯಿ ಇಡ್ರಿ. ಬಂದಾಗ ರೂಪಾಯಿ ತಳಕ್ಕ ಮುಳುಗಿದ್ದರ ನಡುವ ಎಲ್ಲಾ ಕರಗೇತಿ ಅಂತ ತಿಳೀರಿ. ಮಟನ್ ಚೆಲ್ಲೂದೇ ಛಲೋ.

ಬರ್ಫ ಅರ್ಧ ಸೆಂಟಿಮೀಟರ್ ದಪ್ಪ ಆದರ ಬಂದ್ ಮಾಡಿ, ಬಿಸಿನೀರಿನ ಬೋಗುಣಿ ಇಟ್ಟು ಕರಗಸ್ರಿ. ಚಾಕು ಹಚ್ಚಿದರ ಗ್ಯಾಸಿನ ಕೊಳವಿ ತೂತು. ಬರ್ಫ ಲಗೂ ಲಗೂ ಕಟ್ಟಿದರ ಮುಚ್ಚಳದ ರಬ್ಬರಿನಾಗ ಕಾಗದ ಸಿಗಿಸಿ ಎಳೀರಿ. ಸಲೀಸ ಬಂದರ ರಬ್ಬರ್ ಸಡಲೇತಿ.

ಟಕ್ ಅಂದು ಕಂಪ್ರೆಸರ್ ನಿಂತರ ಮೊದಲ ವೋಲ್ಟೇಜ್ ನೋಡಸ್ರಿ. ಬಂದ್ ಮಾಡಿದ ಮ್ಯಾಲ ಐದು ನಿಮಿಷ ಬಿಟ್ಟು ಚಾಲೂ ಮಾಡ್ರಿ.