ಕ್ಷೇತ್ರದ ಓಟಿನ ಲೆಕ್ಕ ಓದುವುದು ಹೇಗೆ? ಚನ್ನಪಟ್ಟಣವನ್ನು ಬಿಡಿಸಿ ನೋಡೋಣ

ಚುನಾವಣೆ ಬಂತೆಂದರೆ ಟೀವಿಯಲ್ಲಿ ಎಲ್ಲ ಕ್ಷೇತ್ರಗಳೂ ಯಾರದೋ ಒಬ್ಬರ ‘ಭದ್ರಕೋಟೆ’ ಆಗಿಬಿಡುತ್ತವೆ. ಅದು ನಿಜವಾ, ಸುಮ್ನೆ ಮಾತಾ ಅಂತ ಯಾರು ಬೇಕಾದರೂ ಮನೆಯಲ್ಲೇ ಕೂತು ಪರೀಕ್ಷಿಸಬಹುದು. ದಾಖಲೆಗಳೆಲ್ಲ ಸಾರ್ವಜನಿಕವಾಗಿಯೇ ಇವೆ. ಇಂಟರ್ನೆಟ್ ಇರುವ ಫೋನು, ಒಂದು ನೋಟ್‌ಬುಕ್ಕು, ಬಿಡುವಿನ ಒಂದು ಮಧ್ಯಾಹ್ನ ಇದ್ದರೆ ಸಾಕು.

ಉದಾಹರಣೆಗೆ ಚನ್ನಪಟ್ಟಣ ಕ್ಷೇತ್ರವನ್ನು ತೆಗೆದುಕೊಳ್ಳೋಣ. ಪಕ್ಷದ ಹೆಸರನ್ನಷ್ಟೇ ನೋಡಿಕೊಂಡು ಹೋದವರನ್ನು ಈ ಕ್ಷೇತ್ರ ಚೆನ್ನಾಗಿ ದಾರಿ ತಪ್ಪಿಸುತ್ತದೆ. ಕಲಿಯುವುದಕ್ಕೆ ಇಂಥದ್ದೇ ಬೇಕು.

ಹೆಸರು, ನಂಬರು ಗುರುತಿಸಿ

ರಾಜ್ಯದಲ್ಲಿ 224 ವಿಧಾನಸಭಾ ಕ್ಷೇತ್ರಗಳಿವೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇದೆ. ಚನ್ನಪಟ್ಟಣದ್ದು 185. ಹುಡುಕುವಾಗ ಈ ನಂಬರು ಕೈಯಲ್ಲಿದ್ದರೆ ಕೆಲಸ ಸಲೀಸು, ಯಾಕೆಂದರೆ ಹೆಸರುಗಳು ಗೊಂದಲ ಮಾಡುತ್ತವೆ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಬೆಂಗಳೂರು ದಕ್ಷಿಣ ಎಂಬ ಲೋಕಸಭಾ ಕ್ಷೇತ್ರ ಮೊದಲೇ ಇತ್ತು. ಅದೇ ಹೆಸರಿನ ವಿಧಾನಸಭಾ ಕ್ಷೇತ್ರವೂ ಇತ್ತು. ಚನ್ನಪಟ್ಟಣ ಈಗ ಬೆಂಗಳೂರು ದಕ್ಷಿಣ ಜಿಲ್ಲೆಯಲ್ಲಿದೆ, ಆದರೆ ಲೋಕಸಭೆಗೆ ಓಟು ಹಾಕುವುದು ಬೆಂಗಳೂರು ಗ್ರಾಮಾಂತರಕ್ಕೆ. ತಲೆ ತಿರುಗಿತಾ? ಅದಕ್ಕೇ ನಂಬರು ಬರೆದಿಟ್ಟುಕೊಳ್ಳಿ ಅಂದದ್ದು.

ಗಡಿ ಎಲ್ಲಿದೆ ನೋಡಿ

ತಾಲ್ಲೂಕಿನ ಹೆಸರು, ಕ್ಷೇತ್ರದ ಹೆಸರು ಒಂದೇ ಇದ್ದ ಮಾತ್ರಕ್ಕೆ ಗಡಿಯೂ ಒಂದೇ ಅಂದುಕೊಳ್ಳಬೇಡಿ. ಚನ್ನಪಟ್ಟಣದಲ್ಲಿ ಎರಡೂ ಒಂದೇ, ಅದು ನಮ್ಮ ಅದೃಷ್ಟ. ಪಕ್ಕದ ರಾಮನಗರ ಹಾಗಲ್ಲ. ಕನಕಪುರ ತಾಲ್ಲೂಕಿನಲ್ಲಿದ್ದ ಹಾರೋಹಳ್ಳಿ, ಮರಳವಾಡಿ ಹೋಬಳಿಗಳು ರಾಮನಗರ ಕ್ಷೇತ್ರಕ್ಕೆ ಸೇರಿವೆ. ರಾಮನಗರ ತಾಲ್ಲೂಕಿನದೇ ಆದ ಬಿಡದಿ ಹೋಬಳಿ ಮಾಗಡಿ ಕ್ಷೇತ್ರದಲ್ಲಿದೆ.

ಇದನ್ನೆಲ್ಲ ಹೋಬಳಿವಾರು ಬರೆದಿರುವುದು 2008ರ ಕ್ಷೇತ್ರ ಪುನರ್ವಿಂಗಡಣೆ ಆದೇಶದಲ್ಲಿ. ಅದಕ್ಕೆ ಆಧಾರ 2001ರ ಜನಗಣತಿ. ಹೊಸ ಗಡಿಯಲ್ಲಿ ದೇಶದಲ್ಲೇ ಮೊದಲು ನಡೆದದ್ದು ನಮ್ಮ 2008ರ ವಿಧಾನಸಭಾ ಚುನಾವಣೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ 2008ಕ್ಕೆ ಒಂದು ಗೆರೆ ಎಳೆಯಿರಿ. ಅದರ ಹಿಂದಿನ ಗೆಲುವು ಸೋಲು ಓದುವುದಕ್ಕೆ ಅಡ್ಡಿಯಿಲ್ಲ, ಆದರೆ ಅಂಕಿಗೆ ಅಂಕಿ ಹೋಲಿಸಬೇಡಿ. ಕ್ಷೇತ್ರ ಮೀಸಲೋ ಸಾಮಾನ್ಯವೋ ಅನ್ನುವುದನ್ನೂ ಇಲ್ಲೇ ನೋಡಿಕೊಳ್ಳಿ. ಈಗ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಇವೆ. ಚನ್ನಪಟ್ಟಣ ಸಾಮಾನ್ಯ ಕ್ಷೇತ್ರ.

ನೆಲ, ನೀರು ತಿಳಿದುಕೊಳ್ಳಿ

ಅಂಕಿಗೆ ಹಾರುವ ಮುಂಚೆ ನಕ್ಷೆ ತೆರೆದು ಐದು ನಿಮಿಷ ಕೂರಿ. ಬೆಂಗಳೂರು–ಮೈಸೂರು ರಸ್ತೆಯೂ ರೈಲು ಹಳಿಯೂ ಹಾದುಹೋಗುವ ಪೇಟೆ ಚನ್ನಪಟ್ಟಣ. ಆಲೆ ಮರಕ್ಕೆ ಅರಗು ಹಚ್ಚಿ ಗೊಂಬೆ ಮಾಡುವವರ ಊರು. ಸುತ್ತಲಿನ ಹಳ್ಳಿಗಳಲ್ಲಿ ರೇಷ್ಮೆ, ತೆಂಗು, ಮಾವು. ಪಶ್ಚಿಮಕ್ಕೆ ಹೋದರೆ ಮಂಡ್ಯ ಜಿಲ್ಲೆಯ ಮದ್ದೂರು.

ಆದರೆ ಓಟಿನ ಮಾತು ಬಂದಾಗ ಇಲ್ಲಿ ಗೊಂಬೆಗಿಂತ ಕೆರೆಯದ್ದೇ ಜಾಸ್ತಿ ಸದ್ದು. ಶಿಂಷಾ ನದಿಗೆ ಇಗ್ಗಲೂರಿನಲ್ಲಿ ಬ್ಯಾರೇಜ್ ಇದೆ. ಅಲ್ಲಿಂದ ನೀರೆತ್ತಿ ತಾಲ್ಲೂಕಿನ ಕೆರೆಗಳನ್ನು ತುಂಬಿಸಿದರು. ಬ್ಯಾರೇಜ್ ಕಟ್ಟಿಸಿದ್ದು ದೇವೇಗೌಡರು ಎಂದು ಒಂದು ಕಡೆಯವರು ಹೇಳುತ್ತಾರೆ. ಕೆರೆಗೆ ನೀರು ತಂದವರು ಸಿ.ಪಿ. ಯೋಗೇಶ್ವರ್ ಎಂದು ಇನ್ನೊಂದು ಕಡೆಯವರು. 2024ರ ಉಪಚುನಾವಣೆಯಲ್ಲೂ ಈ ಜಗಳ ಜೋರಾಗಿಯೇ ನಡೆಯಿತು. ನಿಮ್ಮ ಕ್ಷೇತ್ರದಲ್ಲೂ ಇಂಥ ಒಂದು ವಿಷಯ ಇದ್ದೇ ಇರುತ್ತದೆ. ನಾಲೆಯೋ, ಕಾರ್ಖಾನೆಯೋ, ಅರಣ್ಯ ಜಮೀನೋ, ಹುಡುಕಿ.

ಪಟ್ಟಿ ಬರೆಯಿರಿ, ಉಪಚುನಾವಣೆ ಬಿಡಬೇಡಿ

ಚುನಾವಣಾ ಆಯೋಗದ ಸಾರ್ವತ್ರಿಕ ಚುನಾವಣೆಯ ಅಂಕಿಅಂಶ ವರದಿಯಲ್ಲಿ ಉಪಚುನಾವಣೆಗಳು ಸಿಗುವುದಿಲ್ಲ. ಅದನ್ನಷ್ಟೇ ನೋಡಿದರೆ ಚನ್ನಪಟ್ಟಣದ ಅರ್ಧ ಕಥೆ ಕೈತಪ್ಪುತ್ತದೆ. ಇಲ್ಲಿ 2008, 2013, 2018, 2023 ಸಾರ್ವತ್ರಿಕ ಚುನಾವಣೆ. ನಡುನಡುವೆ 2009, 2011, 2024ರಲ್ಲಿ ಉಪಚುನಾವಣೆ. ಹದಿನಾರು ವರ್ಷದಲ್ಲಿ ಏಳು ಸಲ!

ಈಗ ಮುಖ್ಯವಾದ ಕೆಲಸ. ಪಟ್ಟಿಯಲ್ಲಿ ಪಕ್ಷಕ್ಕೆ ಒಂದು ಕಾಲಂ, ವ್ಯಕ್ತಿಗೆ ಇನ್ನೊಂದು ಕಾಲಂ ಹಾಕಿ. ಯೋಗೇಶ್ವರ್ ಅವರ ಹೆಸರಿನ ಮುಂದೆ ಏನೇನು ಬರುತ್ತದೆ ನೋಡಿ. 1999ರಲ್ಲಿ ಪಕ್ಷೇತರರಾಗಿ ಗೆದ್ದರು. 2004, 2008ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ಆಮೇಲೆ ರಾಜೀನಾಮೆ ಕೊಟ್ಟು ಬಿಜೆಪಿಗೆ ಹೋದರು. 2009ರ ಉಪಚುನಾವಣೆಯಲ್ಲಿ ಜೆಡಿಎಸ್‌ನ ಎಂ.ಸಿ. ಅಶ್ವಥ್ ಎದುರು ಸೋತರು. ಆ ಅಶ್ವಥ್ ಅವರೂ ರಾಜೀನಾಮೆ ಕೊಟ್ಟರು, 2011ರಲ್ಲಿ ಯೋಗೇಶ್ವರ್ ಬಿಜೆಪಿಯಿಂದ ಗೆದ್ದರು. 2013ರಲ್ಲಿ ಗೆದ್ದದ್ದು ಸಮಾಜವಾದಿ ಪಕ್ಷದ ಸೈಕಲ್ ಗುರುತಿನಲ್ಲಿ. ಚನ್ನಪಟ್ಟಣದಲ್ಲಿ ಸೈಕಲ್ಲಿಗೆ ಬೇರೆ ಯಾವ ನೆಲೆ ಇತ್ತು ಹೇಳಿ? 2018, 2023ರಲ್ಲಿ ಬಿಜೆಪಿಯಿಂದ ನಿಂತು ಎಚ್.ಡಿ. ಕುಮಾರಸ್ವಾಮಿ ಎದುರು ಸೋತರು. 2024ರಲ್ಲಿ ಮತ್ತೆ ಕಾಂಗ್ರೆಸ್‌ನಿಂದ ಗೆಲುವು.

ಪಕ್ಷದ ಕಾಲಂ ಮಾತ್ರ ಇದ್ದಿದ್ದರೆ ಮತದಾರರು ಐದು ವರ್ಷಕ್ಕೊಮ್ಮೆ ಮನಸ್ಸು ಬದಲಿಸುತ್ತಾರೆ ಅಂತ ಬರೆದುಬಿಡುತ್ತಿದ್ದೆವು. ವ್ಯಕ್ತಿಯ ಕಾಲಂ ಬೇರೆಯದೇ ಹೇಳುತ್ತದೆ. ಒಂದು ಕಡೆ ಜೆಡಿಎಸ್, ಇನ್ನೊಂದು ಕಡೆ ಯೋಗೇಶ್ವರ್, ಈ ಎರಡು ಪಾಳಯ ಗಟ್ಟಿಯಾಗಿ ನಿಂತಿವೆ.

ಅಂಕಿ ಕೂಡಿಸಿ, ಕಳೆಯಿರಿ

ಯೋಗೇಶ್ವರ್ ಪಡೆದ ಮತ: 2013ರಲ್ಲಿ 80,099, 2018ರಲ್ಲಿ 66,465, 2023ರಲ್ಲಿ 80,677, 2024ರಲ್ಲಿ 1,12,642.

ಜೆಡಿಎಸ್ ಪಡೆದ ಮತ: 2013ರಲ್ಲಿ ಅನಿತಾ ಕುಮಾರಸ್ವಾಮಿ 73,635. ಆಮೇಲೆ ಕುಮಾರಸ್ವಾಮಿ 2018ರಲ್ಲಿ 87,995, 2023ರಲ್ಲಿ 96,592. ಅವರು ಮಂಡ್ಯದಿಂದ ಲೋಕಸಭೆಗೆ ಹೋದ ಮೇಲೆ, 2024ರಲ್ಲಿ ಮಗ ನಿಖಿಲ್ 87,229.

2024ರ ಮುಂಚೆ ಬಿಜೆಪಿ, ಜೆಡಿಎಸ್ ಮೈತ್ರಿ ಮಾಡಿಕೊಂಡಿದ್ದವು. 2023ರ ಎರಡೂ ಪಕ್ಷದ ಮತ ಕೂಡಿಸಿದರೆ 1,77,269. ಕಾಂಗ್ರೆಸ್ಸಿಗೆ ಸಿಕ್ಕಿದ್ದು ಬರೀ 15,374, ಠೇವಣಿಯೂ ಉಳಿದಿರಲಿಲ್ಲ. ಕಾಗದದ ಮೇಲೆ ಇದು ಸ್ಪರ್ಧೆಯೇ ಅಲ್ಲ. ಆದರೆ ಯೋಗೇಶ್ವರ್ ಕಾಂಗ್ರೆಸ್ಸಿಗೆ ಬಂದರು, 25,413 ಮತಗಳಿಂದ ಗೆದ್ದರು. ಪಕ್ಷಗಳ ಮತ ಕೂಡಿಸುವ ಲೆಕ್ಕ ಇಲ್ಲಿ ಮಕಾಡೆ ಮಲಗಿತು.

ಇನ್ನೊಂದು ಕೂಡಿಕೆ ಮಾಡಿ. 2018ರಲ್ಲಿ ಕಾಂಗ್ರೆಸ್‌ನ ಎಚ್.ಎಂ. ರೇವಣ್ಣ ಅವರಿಗೆ 30,208 ಬಂದಿತ್ತು. ಅದನ್ನು ಯೋಗೇಶ್ವರ್ ಮತಕ್ಕೆ ಸೇರಿಸಿದರೆ 96,673. 2023ರಲ್ಲೂ ಹಾಗೇ ಸೇರಿಸಿ: 96,051. ಹೆಚ್ಚುಕಡಿಮೆ ಒಂದೇ! ಕಾಂಗ್ರೆಸ್ ಏರಿದಾಗ ಯೋಗೇಶ್ವರ್ ಇಳಿದಿದ್ದಾರೆ, ಕಾಂಗ್ರೆಸ್ ಇಳಿದಾಗ ಅವರು ಏರಿದ್ದಾರೆ. ಇಬ್ಬರೂ ಒಂದೇ ಬುಟ್ಟಿಗೆ ಕೈ ಹಾಕುತ್ತಿದ್ದರು ಅನ್ನುವುದು ನನ್ನ ಊಹೆ. ಊಹೆ ಅಂತಲೇ ಅನ್ನಬೇಕು, ಯಾಕೆಂದರೆ ಯಾರ ಓಟು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಯಾವ ಫಲಿತಾಂಶ ಪಟ್ಟಿಯೂ ಹೇಳುವುದಿಲ್ಲ. 2024ರಲ್ಲಿ ಜೆಡಿಎಸ್ ಕಳೆದುಕೊಂಡದ್ದು 9,363, ಯೋಗೇಶ್ವರ್ ಗಳಿಸಿದ್ದು 31,965. ಜೆಡಿಎಸ್ ಕುಸಿಯಿತು ಅಂತ ಬರೆದವರು ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಲಿ.

ಅಂದಹಾಗೆ, ಚುನಾವಣೆ ಹೊತ್ತಿಗೆ ವಾಟ್ಸ್ಯಾಪಿನಲ್ಲಿ ಓಡಾಡುವ ‘ಯಾವ ಜಾತಿ ಎಷ್ಟು ಸಾವಿರ’ ಎಂಬ ಪಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮತದಾರರ ಪಟ್ಟಿಯಲ್ಲಿ ಜಾತಿಯ ಕಾಲಂ ಇಲ್ಲ.

ಮತಗಟ್ಟೆಗೆ ಇಳಿಯಿರಿ

ಕೊನೆಗೆ ನಮೂನೆ 20. ಇದು ಅಂತಿಮ ಫಲಿತಾಂಶ ಪಟ್ಟಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಕ್ಷೇತ್ರವಾರು ಸಿಗುತ್ತದೆ. ಎಡಗಡೆ ಮತಗಟ್ಟೆಯ ನಂಬರು, ಮೇಲೆ ಸಾಲಾಗಿ ಅಭ್ಯರ್ಥಿಗಳ ಹೆಸರು, ಬಲಗಡೆ ಒಟ್ಟು ಮತ, ನೋಟಾ. ಕೆಲವು ಪ್ರತಿಗಳು ಸ್ಕ್ಯಾನ್ ಮಾಡಿದವು, ಅಕ್ಷರ ಮಾಸಿರುತ್ತದೆ, ಒಂದು ಸ್ಕೇಲು ಅಡ್ಡ ಇಟ್ಟುಕೊಂಡು ಓದಿದರೆ ಸಾಲು ತಪ್ಪುವುದಿಲ್ಲ.

ನಮೂನೆಯಲ್ಲಿ ಊರಿನ ಹೆಸರು ಇರದೆ ಬರೀ ನಂಬರು ಇರಬಹುದು. ಮತಗಟ್ಟೆಗಳ ಪಟ್ಟಿಯನ್ನು ಬೇರೆ ಡೌನ್‌ಲೋಡ್ ಮಾಡಿ ಪಕ್ಕದಲ್ಲಿಟ್ಟುಕೊಳ್ಳಿ. ಅದು ಆಯಾ ವರ್ಷದ್ದೇ ಆಗಿರಬೇಕು. ಮತದಾರರು ಹೆಚ್ಚಾದಾಗ ಹೊಸ ಮತಗಟ್ಟೆ ಸೇರಿಸುತ್ತಾರೆ, ಆಗ ಮುಂದಿನ ನಂಬರುಗಳೆಲ್ಲ ಸರಿಯುತ್ತವೆ. 2018ರ 50ನೇ ಮತಗಟ್ಟೆ 2023ರಲ್ಲಿ ಬೇರೆ ಊರಿನದಾಗಿರಬಹುದು. ಶಾಲೆ, ಊರಿನ ಹೆಸರು ಹಿಡಿದೇ ಹೋಲಿಸಿ. ಅಂಚೆ ಮತಗಳು ಯಾವ ಮತಗಟ್ಟೆಗೂ ಸೇರುವುದಿಲ್ಲ, ಪಟ್ಟಿಯ ಕೊನೆಯಲ್ಲಿ ಪ್ರತ್ಯೇಕ ಸಾಲಿನಲ್ಲಿರುತ್ತವೆ. ನಿಮ್ಮ ಕೂಡಿಕೆಗೂ ಘೋಷಿತ ಫಲಿತಾಂಶಕ್ಕೂ ತಾಳೆಯಾಗದಿದ್ದರೆ ಮೊದಲು ಆ ಸಾಲು ನೋಡಿ.