ಕಂಪನಿ ಸ್ಪೀಕರಿಗೆ ಹೊರಗಿನ ಆಂಪ್: ನಾನು ಕೂರಿಸಿದ ಬಗೆ

ಕಾರಿನ ಸ್ಟೀರಿಯೋಗಳ ಮೇಲೆ ‘50 ವ್ಯಾಟ್ x 4’ ಎಂದು ಬರೆದಿರುವುದುಂಟು. ಅದನ್ನು ನಂಬಿದವರಿಗೆ ಹೊರಗಿನಿಂದ ಇನ್ನೊಂದು ಆಂಪ್ಲಿಫೈಯರ್, ಅಂದರೆ ದನಿಗೆ ಶಕ್ತಿ ತುಂಬುವ ‘ಆಂಪ್’ ಎಂಬ ಪೆಟ್ಟಿಗೆ, ಯಾಕೆ ಬೇಕೆಂದೇ ಅರ್ಥವಾಗುವುದಿಲ್ಲ. ಒಮ್ಮೆ ಲೆಕ್ಕ ಹಾಕಿ ನೋಡಿ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಸ್ಟೀರಿಯೋ ಒಳಗಿನ ಚಿಪ್ಪು ಅಷ್ಟನ್ನೂ ಸ್ಪೀಕರಿಗೆ ಸುರಿದರೂ, ಅಂದರೆ ಅಲೆಯ ತುದಿ 14.4ಕ್ಕೆ ಮುಟ್ಟಿದರೂ, ಆರ್‌ಎಂಎಸ್ ಲೆಕ್ಕದಲ್ಲಿ, ಅಂದರೆ ಏರಿಳಿಯುವ ಅಲೆಯ ಶಕ್ತಿಗೆ ಹಿಡಿಯುವ ಒಂದು ಬಗೆಯ ಸರಾಸರಿಯಲ್ಲಿ, ಅದು 10.2 ವೋಲ್ಟ್. 4 ಓಮಿನ ಸ್ಪೀಕರಿನಲ್ಲಿ 26 ವ್ಯಾಟ್. ಚಿಪ್ಪು ತಾನೇ ತಿನ್ನುವುದನ್ನು ಕಳೆದರೆ, ದನಿ ಒಡೆಯದೆ ಹೊರಗೆ ಬರುವುದು 18ರಿಂದ 20 ವ್ಯಾಟ್. ಮಿಕ್ಕಿದ್ದೆಲ್ಲ ಸ್ಟಿಕ್ಕರಿನ ವ್ಯಾಟ್.

ನಮ್ಮದು ಪೆಟ್ರೋಲ್ ಹ್ಯಾಚ್‌ಬ್ಯಾಕ್. ನಾಲ್ಕು ಬಾಗಿಲಿಗೆ ನಾಲ್ಕು ಸ್ಪೀಕರ್, ಮುಂದೆ ಕನ್ನಡಿಯ ಹತ್ತಿರ ತಾರ ಸ್ವರಗಳಿಗೆಂದೇ ಇರುವ ಎರಡು ಸಣ್ಣ ಸ್ಪೀಕರ್, ಅಂದರೆ ಟ್ವೀಟರ್. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಇದೇ ಸಾಕು ಅನ್ನಿಸುತ್ತಿತ್ತು. ತೊಂದರೆ ಶುರುವಾಗುವುದು ಊರಿಗೆ ಹೊರಟಾಗ. ಹಾಸನ ದಾಟಿದ ಮೇಲೆ ಟೈರಿನ ಸದ್ದು, ಗಾಳಿಯ ಸದ್ದು, ಎಸಿ ಫ್ಯಾನಿನ ಸದ್ದು ಸೇರಿಕೊಂಡು ವಾಲ್ಯೂಮ್ ಏರಿಸಲೇಬೇಕಾಗುತ್ತದೆ. ನಾನು ದಾರಿಯಲ್ಲಿ ಕೇಳುವುದು ಹೆಚ್ಚಾಗಿ ಯಕ್ಷಗಾನ. ಭಾಗವತರ ಪದದವರೆಗೆ ಪರವಾಗಿಲ್ಲ. ಚೆಂಡೆ ಬಿದ್ದ ಕೂಡಲೇ ಎಲ್ಲ ಕಲಸಿಹೋಗುತ್ತಿತ್ತು. ಚೆಂಡೆಯ ಪೆಟ್ಟು ಕ್ಷಣಮಾತ್ರದ್ದು, ಆದರೆ ಆ ಕ್ಷಣಕ್ಕೆ ಬೇಕಾದ ಶಕ್ತಿ ಸರಾಸರಿಗಿಂತ ಹತ್ತಾರು ಪಟ್ಟು ಹೆಚ್ಚು. 20 ವ್ಯಾಟಿನ ಚಿಪ್ಪು ಅಲ್ಲಿ ಅಲೆಯ ತಲೆಯನ್ನೇ ಕತ್ತರಿಸಿಬಿಡುತ್ತದೆ.

ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿದೆ. “ಸಾರ್, ಮೊದ್ಲು ಸ್ಪೀಕರ್ ಚೇಂಜ್ ಮಾಡ್ಸಿ, ಕಂಪನಿ ಸ್ಪೀಕರಿಗೆ ಆಂಪ್ ಹಾಕಿದ್ರೆ ವೇಸ್ಟ್” ಅಂದರು. ಅಂಗಡಿಯವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ, ಆದರೂ ನಾನು ಒಪ್ಪಲಿಲ್ಲ. ಕಂಪನಿ ಸ್ಪೀಕರು ತೆಳ್ಳಗಿನ ಕಾಗದದ ಕೋನು, ಸಣ್ಣ ಮ್ಯಾಗ್ನೆಟ್ಟು, ನೋಡಿದರೆ ಅಯ್ಯೋ ಅನ್ನಿಸುವಂಥದ್ದು ನಿಜ. ಆದರೆ ಆ ಹಗುರ ಕೋನಿಗೆ ಕಡಿಮೆ ವ್ಯಾಟಿನಲ್ಲೇ ಜೋರಾಗಿ ನುಡಿಯುವ ಗುಣ ಇದೆ. ಹೊರಗೆ ಸಿಗುವ ಭಾರದ ಕೋನಿನ ಸ್ಪೀಕರುಗಳಲ್ಲಿ ಹಲವು, ಜೊತೆಗೆ ಆಂಪ್ ಇರುತ್ತದೆಂದು ನಂಬಿಯೇ ಮಾಡಿದಂಥವು. ಅವನ್ನು ಬರೀ ಸ್ಟೀರಿಯೋಗೆ ಹಾಕಿದರೆ ಮೊದಲಿಗಿಂತ ಸಣ್ಣ ದನಿ ಬಂದರೂ ಬಂದೀತು.

ಆಂಪ್ ಹಾಕಿದರೆ ಜೋರಾಗುತ್ತದೆ ಅನ್ನುವುದೂ ಅರ್ಧ ಮಾತೇ. 20 ವ್ಯಾಟಿನಿಂದ 50 ವ್ಯಾಟಿಗೆ ಹೋದರೆ ಸಿಗುವುದು 4 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಹಾಗಾದರೆ ದುಡ್ಡು ಯಾಕೆ ಸುರಿಯಬೇಕು? ನನ್ನ ಉತ್ತರ: ಆಂಪಿನ ವ್ಯಾಟಿಗಿಂತ ಅದರೊಳಗೆ ಇರುವ ಫಿಲ್ಟರಿಗಾಗಿ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ನಾನು ಆರಿಸಿದ್ದು ನಾಲ್ಕು ಚಾನೆಲ್ಲಿನ ಕ್ಲಾಸ್ ಡಿ (ಕಡಿಮೆ ಕರೆಂಟು ಪೋಲು ಮಾಡುವ ಬಗೆಯ) ಆಂಪ್, ಚಾನೆಲ್ಲಿಗೆ 50 ವ್ಯಾಟ್ ಆರ್‌ಎಂಎಸ್. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಏನೇ ಬರೆದಿರಲಿ, ಸಣ್ಣಕ್ಷರದ ಆರ್‌ಎಂಎಸ್ ಅಂಕಿಯನ್ನೇ ಓದಬೇಕು. ಇನ್ನೊಂದು ಮುಖ್ಯ ಸಂಗತಿ ಹೈ ಲೆವೆಲ್ ಇನ್‌ಪುಟ್. ಕಂಪನಿ ಸ್ಟೀರಿಯೋಗಳ ಹಿಂದೆ ಆಂಪಿಗೆ ಕೊಡಲೆಂದೇ ಇರುವ ಆರ್‌ಸಿಎ ಪಿನ್ ಸಾಮಾನ್ಯವಾಗಿ ಇರುವುದಿಲ್ಲ. ಸ್ಪೀಕರಿಗೆ ಹೋಗುವ ವೈರನ್ನೇ ಆಂಪಿಗೆ ಕೊಡಬೇಕು, ಅದನ್ನು ಸ್ವೀಕರಿಸುವುದೇ ಈ ಇನ್‌ಪುಟ್. ಅದಿಲ್ಲದ ಆಂಪಾದರೆ ನಡುವೆ ಸ್ಪೀಕರ್ ವೈರಿನ ವೋಲ್ಟೇಜನ್ನು ಆಂಪಿಗೆ ತಕ್ಕಂತೆ ಇಳಿಸುವ ಲೈನ್ ಔಟ್ ಕನ್ವರ್ಟರ್ ಎಂಬ ಇನ್ನೊಂದು ಡಬ್ಬಿ ಬರುತ್ತದೆ. ಕೆಲವು ಸ್ಟೀರಿಯೋಗಳು ಸ್ಪೀಕರ್ ಇದೆಯೋ ಇಲ್ಲವೋ ಎಂದು ಪರೀಕ್ಷಿಸಿ, ಸಿಗದಿದ್ದರೆ ಆ ಚಾನೆಲ್ಲನ್ನೇ ಮುಚ್ಚಿಬಿಡುತ್ತವೆ. ಅಂಥ ಕಡೆ ರೆಸಿಸ್ಟರ್ ಹಾಕಿ ಅದನ್ನು ನಂಬಿಸಬೇಕಾಗುತ್ತದೆ. ನನ್ನದು ಆ ಜಾತಿಯದಲ್ಲ.

ಈ ಸ್ಪೀಕರ್ ವೈರುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಮೈನಸ್ ವೈರ್ ಅಂದರೆ ಬಾಡಿಯ ಅರ್ಥಿಂಗ್ ಅಲ್ಲ. ಹಾಡು ಇಲ್ಲದಾಗಲೂ ಪ್ಲಸ್, ಮೈನಸ್ ಎರಡರಲ್ಲೂ ಬ್ಯಾಟರಿಯ ಅರ್ಧ, ಸುಮಾರು 6 ವೋಲ್ಟ್ ನಿಂತಿರುತ್ತದೆ. ಅದನ್ನು ಬಾಡಿಗೆ ಮುಟ್ಟಿಸಿದರೆ ಚಿಪ್ಪು ಸುಟ್ಟುಹೋಗಬಹುದು. ಇದೇ 6 ವೋಲ್ಟಿನಿಂದ ಒಂದು ಉಪಕಾರವೂ ಇದೆ. ಹಲವು ಆಂಪುಗಳು ಅದನ್ನು ಗ್ರಹಿಸಿ ತಾವೇ ಆನ್ ಆಗುತ್ತವೆ, ಆಂಪನ್ನು ಆನ್ ಮಾಡಲೆಂದೇ ‘ರಿಮೋಟ್’ ಎಂಬ ಬೇರೆ ವೈರ್ ಎಳೆಯುವ ತಾಪತ್ರಯ ಇಲ್ಲ.

ವಾರಂಟಿ ಇನ್ನೂ ಮುಗಿದಿರಲಿಲ್ಲ. ಹಾಗಾಗಿ ಕಂಪನಿಯ ಒಂದು ವೈರನ್ನೂ ಕತ್ತರಿಸಬಾರದು ಎಂದು ಮೊದಲೇ ತೀರ್ಮಾನಿಸಿದ್ದೆ. ಸ್ಟೀರಿಯೋದ ಹಿಂದೆ ವೈರುಗಳನ್ನು ಸಿಕ್ಕಿಸುವ ಕಪ್ಲರಿಗೆ ಸರಿಹೊಂದುವ ಗಂಡು, ಹೆಣ್ಣು ಕಪ್ಲರಿನ ಜೋಡಿ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ಅವೆರಡನ್ನು ಮನೆಯಲ್ಲೇ ಮೇಜಿನ ಮೇಲೆ ಇಟ್ಟು ಬೆಸೆದೆ. ಕರೆಂಟು, ಆಂಟೆನಾ, ಸ್ಟೀರಿಂಗ್ ಬಟನ್ ವೈರುಗಳು ನೇರ ಹಾದುಹೋಗುತ್ತವೆ. ನಾಲ್ಕು ಜೋಡಿ ಸ್ಪೀಕರ್ ವೈರ್ ಮಾತ್ರ ಆಂಪಿನ ಕಡೆಗೆ ತಿರುಗಿ, ಅಲ್ಲಿಂದ ನಾಲ್ಕು ಜೋಡಿ ಹಿಂದಿರುಗಿ ಬಾಗಿಲುಗಳ ಹಳೇ ವೈರಿಗೇ ಸೇರುತ್ತವೆ. ಹೋಗಲು ಎಂಟು, ಬರಲು ಎಂಟು. ಒಂಬತ್ತು ಎಳೆಯ ಕೇಬಲ್ ಎರಡು ತಂದರೆ ಎಳೆ ಉಳಿಯುತ್ತದೆ.

ಬಾಗಿಲಿಗೆ ಹೊಸ ದಪ್ಪ ವೈರ್ ಎಳೆಯಬೇಡವೇ ಎಂದು ತುಂಬ ಜನ ಕೇಳುತ್ತಾರೆ. ಬಾಗಿಲಿನ ರಬ್ಬರ್ ತೋಳಿನೊಳಗೆ ವೈರ್ ತೂರಿಸುವುದು ಬೆರಳು ಕಿತ್ತುಬರುವ ಕೆಲಸ. ಲಾಭ ನೋಡಿ: ಒಳಗಿನ ಹಳೇ ವೈರ್ ಅರ್ಧ ಚದರ ಮಿಲಿಮೀಟರಿನದು ಎಂದುಕೊಂಡರೂ, ಮೂರು ಮೀಟರ್ ಹೋಗಿ ಮೂರು ಮೀಟರ್ ಬರಲು ಅದರ ತಡೆ 0.2 ಓಮ್. 4 ಓಮಿನ ಸ್ಪೀಕರಿನ ಮುಂದೆ ಅದರಿಂದಾಗುವ ನಷ್ಟ ಅರ್ಧ ಡೆಸಿಬೆಲ್ಲಿಗಿಂತ ಕಡಿಮೆ. ನಾನಂತೂ ಕೈ ಹಾಕಲಿಲ್ಲ.

ಕೆಲಸಕ್ಕೆ ಇಳಿಯುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ ಕೆಲವು ನಿಮಿಷ ಸುಮ್ಮನೆ ಬಿಡಬೇಕು. ಸೀಟಿನ ಕೆಳಗೆ, ಸ್ಟೀರಿಂಗ್ ಹತ್ತಿರ ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು. ಅತ್ತ ಕೈ ಹೋಗಕೂಡದು.

ಈಗ ದಪ್ಪ ವೈರಿನ ಕಥೆ. ಇಡೀ ಕೆಲಸದಲ್ಲಿ ಬೆಂಕಿಯ ಭಯ ಇರುವುದು ಇಲ್ಲೊಂದೇ ಕಡೆ, ಕಂಜೂಸಿ ಮಾಡುವವರು ಮಾಡುವುದೂ ಇಲ್ಲೇ. ನಾಲ್ಕು ಐವತ್ತಲೆ ಇನ್ನೂರು ವ್ಯಾಟ್. ಕ್ಲಾಸ್ ಡಿ ಆಂಪಿನ ದಕ್ಷತೆ ಶೇಕಡ 80 ಎಂದರೆ ಒಳಗೆ ಹೋಗಬೇಕಾದದ್ದು 250 ವ್ಯಾಟ್, ಅಂದರೆ ಸುಮಾರು 17ರಿಂದ 18 ಆಂಪಿಯರ್ ಕರೆಂಟು. 8 ಗೇಜಿನ ತಾಮ್ರದ ವೈರು, ನಮ್ಮ ಲೆಕ್ಕದಲ್ಲಿ ಎಂಟು ಚದರ ಮಿಲಿಮೀಟರಿಗಿಂತ ತುಸು ಹೆಚ್ಚು, ಇದಕ್ಕೆ ಧಾರಾಳ. ಐದು ಮೀಟರ್ ಉದ್ದಕ್ಕೆ ಕಾಲು ವೋಲ್ಟೂ ಇಳಿಯುವುದಿಲ್ಲ. ಆದರೆ ‘ಆಂಪ್ ಕಿಟ್’ ಎಂದು ಮಾರುವ ಪ್ಯಾಕೆಟ್ಟುಗಳಲ್ಲಿ ಅನೇಕ ಸಲ ಇರುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದೇ. ಅದನ್ನೇ ಬಳಸುವುದಾದರೆ ಇನ್ನೂ ದಪ್ಪದ್ದು ಬೇಕು. ಎಲ್ಲಕ್ಕಿಂತ ಅಗ್ಗದ್ದರಲ್ಲಿ ಪ್ಲಾಸ್ಟಿಕ್ಕೇ ದಪ್ಪ, ಲೋಹ ಹುಡುಕಬೇಕು.

ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸು ಇರಲೇಬೇಕು. ನಾನು ಹಾಕಿದ್ದು 30 ಆಂಪಿಯರಿನದು. ಆಂಪಿನ ಮೈಮೇಲೆಯೇ ಫ್ಯೂಸ್ ಇದೆಯಲ್ಲ ಎಂದು ಕೇಳಬಹುದು. ಅದು ಆಂಪನ್ನು ಕಾಯುತ್ತದೆ, ಬ್ಯಾಟರಿ ಹತ್ತಿರದ್ದು ವೈರನ್ನು ಕಾಯುತ್ತದೆ. ಬಾನೆಟ್ಟಿನಿಂದ ಒಳಗೆ ಬರುವ ತಗಡಿನ ಅಂಚಿಗೆ ವೈರ್ ತಾಗಿ ತಾಗಿ ಸಿಪ್ಪೆ ಹರಿದರೆ, ನಡುವೆ ಫ್ಯೂಸ್ ಇಲ್ಲದ ಬ್ಯಾಟರಿ ನೂರಾರು ಆಂಪಿಯರ್ ಕಕ್ಕುತ್ತದೆ. ಆದ್ದರಿಂದ ತಗಡಿಗೆ ಹೊಸ ತೂತು ಕೊರೆಯದೆ, ಕಂಪನಿ ವೈರುಗಳು ಬರುವ ರಬ್ಬರ್ ಬಿರಡೆಯ ಪಕ್ಕದಲ್ಲೇ ಸಣ್ಣದಾಗಿ ಸೀಳಿ ತೂರಿಸಿದೆ, ವೈರಿಗೆ ಸುರುಳಿ ಪೈಪು ತೊಡಿಸಿದೆ, ಮಳೆನೀರು ಒಳಬರದಂತೆ ಸಿಲಿಕೋನ್ ಹಚ್ಚಿದೆ.

ಅರ್ಥಿಂಗ್ ಬಗ್ಗೆ ನಮ್ಮ ಮಾವನ ಕಾರಿನ ಉದಾಹರಣೆ ಸಾಕು. ಪುತ್ತೂರಿನ ಕಡೆ ಯಾರೋ ಆಂಪ್ ಕೂರಿಸಿಕೊಟ್ಟಿದ್ದರು. ಎಕ್ಸಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ‘ಕುಂಯ್’ ಎಂದು ಏರುವ ಸದ್ದು. “ಎಂತ ಮಾರಾಯ ಇದು, ಗೇರು ಬದಲಿಸಿದಾಗೆಲ್ಲ ಶ್ರುತಿಯೂ ಬದಲಾಗ್ತದೆ!” ಅಂದರು ಮಾವ. ಬಿಚ್ಚಿ ನೋಡಿದರೆ ಅರ್ಥಿಂಗ್ ವೈರನ್ನು ಪೇಂಟಿನ ಮೇಲೆಯೇ ಬೋಲ್ಟ್ ಮಾಡಿದ್ದರು. ಪೇಂಟು ಕೆರೆದು, ತಗಡು ಹೊಳೆಯುವಷ್ಟು ಎಮರಿ ಪೇಪರ್ ಉಜ್ಜಿ ಮತ್ತೆ ಬಿಗಿದೆವು. ಕುಂಯ್ ನಿಂತಿತು. ನನ್ನ ಕಾರಿನಲ್ಲಿ ಒಂದು ಅಡಿಯ ವೈರಿನಿಂದ ನೇರ ಬಾಡಿಯ ತಗಡಿಗೆ ಕೊಟ್ಟೆ. ಸೀಟ್‌ಬೆಲ್ಟಿನ ಬೋಲ್ಟು ಕೈಗೆ ಸಿಗುತ್ತದೆಂದು ಅದಕ್ಕೆ ಕಟ್ಟುವವರಿದ್ದಾರೆ. ಜೀವ ಕಾಯುವ ಬೋಲ್ಟಿಗೆ ನಾನು ಪಾನಾ ಹಾಕುವುದಿಲ್ಲ. ಕರೆಂಟಿನ ವೈರ್ ಎಡಬದಿಯಲ್ಲಿ, ಹಾಡಿನ ವೈರ್ ನಡುಕನ್ಸೋಲಿನ ಕೆಳಗೆ, ಎರಡೂ ಒಟ್ಟಿಗೆ ಹರಿಯದಂತೆ ನೋಡಿಕೊಂಡೆ.

ಆಂಪ್ ಕೂತಿದ್ದು ಪಕ್ಕದ ಸೀಟಿನ ಕೆಳಗೆ. ಡಿಕ್ಕಿಯಲ್ಲಿ ಇಡುವ ಯೋಚನೆಯನ್ನು ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದರು: “ತೆಂಗಿನಕಾಯಿ ಎಲ್ಲಿ ಇಡ್ತಿ ಮತ್ತೆ?” ಸೀಟಿನ ಕೆಳಗೆ ಒಂದು ಅಪಾಯ ಇದೆ. ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೆ ಆ ನೀರು ಬರುವುದು ಪಕ್ಕದ ಸೀಟಿನ ಕಾಲ ಬಳಿಯ ಕಾರ್ಪೆಟ್ಟಿಗೆ. ಆದ್ದರಿಂದ ಆಂಪನ್ನು ನೆಲಕ್ಕೆ ಒರಗಿಸದೆ ಪ್ಲೈವುಡ್ ತುಂಡಿನ ಮೇಲೆ ಬೆರಳಷ್ಟು ಎತ್ತರಿಸಿ ಕೂರಿಸಿದೆ. ಬಿಸಿಯಾದ ಗಾಳಿ ಆಡಲೂ ಜಾಗ ಆಯಿತು.

ಕೊನೆಯ ಜೋಡಣೆಗೆ ಮೊದಲು ಫೇಸ್, ಅಂದರೆ ಎಲ್ಲ ಕೋನುಗಳೂ ಒಂದೇ ದಿಕ್ಕಿಗೆ ಆಡುತ್ತವೆಯೇ ಎಂದು ನೋಡಬೇಕು. ಆಂಪಿಗೆ ಸಿಕ್ಕಿಸುವ ಮುನ್ನ ಹಿಂದಿರುಗುವ ಜೋಡಿ ವೈರಿಗೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಪ್ಲಸ್ಸಿಗೆ ಪ್ಲಸ್ ಸೇರುವಂತೆ ಒಂದು ಕ್ಷಣ ಮುಟ್ಟಿಸಿದರೆ ಕೋನು ಹೊರಗೆ ನೆಗೆಯಬೇಕು. ಒಳಗೆ ಹೋದರೆ ಪ್ಲಸ್ ಮೈನಸ್ ಅದಲುಬದಲಾಗಿದೆ. ಒಂದು ಬದಿ ತಿರುಗಾಮುರುಗಾ ಆದರೆ ಮದ್ದಳೆಯ ಮಂದ್ರವೇ ಮಾಯವಾಗುತ್ತದೆ. ಒಂದು ಕೋನು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ.

ಇನ್ನು ಗೇನ್. ಅದು ವಾಲ್ಯೂಮ್ ಅಲ್ಲ. ಸ್ಟೀರಿಯೋ ಕೊಡುವ ವೋಲ್ಟೇಜಿಗೂ ಆಂಪಿಗೂ ಹೊಂದಿಸುವ ತಿರುಪು. ಕಂಪನಿ ಸ್ಪೀಕರಿಗೆ 30 ವ್ಯಾಟಿನ ಮಿತಿ ಇಟ್ಟುಕೊಂಡೆ. 30ನ್ನು 4ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 11 ವೋಲ್ಟ್. ಸ್ಪೀಕರ್ ಬಿಚ್ಚಿ, ಬಾಸ್, ಟ್ರೆಬಲ್ ಸೊನ್ನೆಗಿಟ್ಟು, ಆಂಪಿನ ಫಿಲ್ಟರ್ ಆಫ್ ಮಾಡಿ, ಪೆನ್‌ಡ್ರೈವಿನಿಂದ 200 ಹರ್ಟ್ಸ್ (ಸೆಕೆಂಡಿಗೆ 200 ಕಂಪನದ) ಟೋನ್ ಹಾಕಿ, ವಾಲ್ಯೂಮ್ ಮುಕ್ಕಾಲಿಗೆ ಏರಿಸಿ, ಮಲ್ಟಿಮೀಟರನ್ನು ಎಸಿ ವೋಲ್ಟಿನಲ್ಲಿಟ್ಟು ಆಂಪಿನ ಔಟ್‌ಪುಟ್ಟಿನಲ್ಲಿ 11 ಬರುವವರೆಗೆ ತಿರುಗಿಸಿದೆ. ಎಲ್ಲರೂ ಹೇಳುವ 1000 ಹರ್ಟ್ಸ್ ಬಿಟ್ಟು 200 ಯಾಕೆಂದರೆ ಅಗ್ಗದ ಮೀಟರುಗಳು 400 ಹರ್ಟ್ಸಿನ ಆಚೆ ಸುಳ್ಳು ಹೇಳಬಹುದು. ಹಿಂದಿನ ಸ್ಪೀಕರುಗಳಿಗೆ ಇನ್ನೂ ಕಡಿಮೆ ಇಟ್ಟೆ, ಪದ ಕೇಳಬೇಕಾದದ್ದು ಎದುರಿನಿಂದ.

50 ವ್ಯಾಟ್ ತಂದು 30ಕ್ಕೆ ಕಟ್ಟುವುದು ದಂಡವಲ್ಲವೇ ಅನ್ನಬಹುದು. ಚಿಪ್ಪಿನ 20 ವ್ಯಾಟ್ ಅದರ ಏದುಸಿರಿನ ತುದಿ, ಆಂಪಿನ 30 ಅದರ ಸಲೀಸು ನಡಿಗೆ. ಚೆಂಡೆಯ ಪೆಟ್ಟಿಗೆ ಬೇಕಾದದ್ದು ಆ ಸಲೀಸು.

ಕೊನೆಗೆ ಫಿಲ್ಟರ್. ಒಂದೇ ಜೋರಿನ ದನಿ ಹೊರಡಿಸಲು, ಹರ್ಟ್ಸ್ ಅರ್ಧಕ್ಕೆ ಇಳಿದರೆ ಕೋನು ನಾಲ್ಕು ಪಟ್ಟು ದೂರ ಆಡಬೇಕು. 80 ಹರ್ಟ್ಸಿಗೆ ಒಂದು ಮಿಲಿಮೀಟರ್ ಆಡುವ ಕೋನು 40ಕ್ಕೆ ನಾಲ್ಕು ಮಿಲಿಮೀಟರ್ ಆಡಬೇಕು. ಕಂಪನಿ ಸ್ಪೀಕರಿಗೆ ಆ ಆಟ ಆಡಲು ಜಾಗವೇ ಇಲ್ಲ, ಆ ಒದ್ದಾಟದಲ್ಲಿ ಮೇಲಿನ ಸ್ವರಗಳೂ ಕೆಡುತ್ತವೆ. ಕೆಳಗಿನ ಸ್ವರಗಳನ್ನು ತಡೆದು ಮೇಲಿನವನ್ನು ಮಾತ್ರ ಬಿಡುವ ಹೈ ಪಾಸ್ ಫಿಲ್ಟರನ್ನು 80ರ ಹತ್ತಿರ ಇಟ್ಟ ಮೇಲೆ ಭಾಗವತರ ಕಂಠದಲ್ಲಿದ್ದ ನಡುಕ ಹೋಯಿತು, ಚೆಂಡೆ ಬಿದ್ದರೂ ಪದದ ಅಕ್ಷರ ಕೇಳತೊಡಗಿತು. ಫಿಲ್ಟರ್ ಹಾಕಿ ತೆಗೆದು, ಗೇನ್ ಏರಿಸಿ ಇಳಿಸಿ ಕೇಳಿದ್ದೇನೆ. ಬದಲಾವಣೆಯ ದೊಡ್ಡ ಪಾಲು ಫಿಲ್ಟರಿನದೇ. ಸಿನಿಮಾ ಹಾಡಿನ ಎದೆ ನಡುಗಿಸುವ ಬಾಸ್ ಬೇಕೆನ್ನುವವರಿಗೆ ಇದು ಸಾಲದು, ಅವರಿಗೆ ಸಬ್‌ವೂಫರ್ ಬೇಕು. ನನಗೆ ತೆಂಗಿನಕಾಯಿಯ ಜಾಗ ಬೇಕು. ಬಾಗಿಲಿನೊಳಗೆ ತಗಡಿನ ನಡುಕ ತಡೆಯುವ ಬ್ಯುಟೈಲ್ (ರಬ್ಬರಿನಂಥ) ಹಾಳೆ ಅಂಟಿಸುವ ಕೆಲಸವನ್ನೂ ಮಾಡಿದೆ, ಮುಂದಿನ ಎರಡಕ್ಕೆ ಮಾತ್ರ. ತಗಡಿನ ಗಲಗಲ ನಿಂತಿದ್ದು ಅದರಿಂದ.

ಇನ್ಶೂರೆನ್ಸ್ ನವೀಕರಿಸುವಾಗ ಆಂಪಿನ ಬೆಲೆ ತೋರಿಸಿ ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಿದರೆ ಎಲೆಕ್ಟ್ರಿಕಲ್ ಆಕ್ಸೆಸರಿ ಎಂದು ಪಾಲಿಸಿಗೆ ಸೇರಿಸುತ್ತಾರೆ. ಸರ್ವೀಸಿಗೆ ಕೊಡುವಾಗ ಬಾನೆಟ್ಟಿನ ಫ್ಯೂಸ್ ತೆಗೆದು ಗ್ಲೋವ್‌ಬಾಕ್ಸಿನಲ್ಲಿ ಇಡುತ್ತೇನೆ.

ಕೊನೆಯ ಅಳತೆ ಒಂದಿದೆ, ಬಿಡಬಾರದು. ಬ್ಯಾಟರಿಯ ಮೈನಸ್ಸಿನ ದಾರಿಯಲ್ಲಿ ಮೀಟರ್ ಕೂರಿಸಿ, ಕಾರು ಲಾಕ್ ಮಾಡಿ, ಎಲ್ಲ ಕಂಪ್ಯೂಟರುಗಳೂ ಮಲಗುವವರೆಗೆ ಅರ್ಧ ಗಂಟೆ ಕಾದು ಕರೆಂಟ್ ನೋಡುವುದು. ಆಂಪ್ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ. 50 ಮಿಲಿ ಆಂಪಿಯರ್ ದಾಟಿದರೆ ಆಂಪ್ ಸರಿಯಾಗಿ ಮಲಗುತ್ತಿಲ್ಲ ಎಂದೇ ಅನುಮಾನಿಸಿ ಮೊದಲು ಆಟೋ ಆನ್ ಸ್ವಿಚ್ಚನ್ನು ನೋಡಿ. ಊರಿಗೆ ರೈಲಿನಲ್ಲಿ ಹೋಗಿ ಎರಡು ವಾರ ಬಿಟ್ಟು ಬಂದಾಗ ಕಾರು ಸ್ಟಾರ್ಟ್ ಆಗುವುದು ಈ ಅಂಕಿಯ ಮೇಲೆ ನಿಂತಿದೆ.