ಕೆಂಪುಗೋಟು ಬಿಳಿಗೋಟಾದ ದಿನ

ನಾನು ಶಿರಸಿಯಲ್ಲೇ ಕೂತು ಟೆಸ್ಟಿಂಗ್ ಮಾಡುವವಳು. ಅಡಿಕೆ ವ್ಯಾಪಾರದ ಬಿಲ್ಲಿಂಗ್ ಸಾಫ್ಟ್‌ವೇರ್ ನಮ್ಮದು. ಮೊದಲೆಲ್ಲ ಸಿಕ್ಕ ಬಗ್‌ಗೆಲ್ಲ ಸಿವಿಯಾರಿಟಿ, ಅಂದರೆ ಆ ತಪ್ಪು ಎಷ್ಟು ಗಂಭೀರ ಅನ್ನುವ ಗುರುತು, ಸುಮ್ನೆ 'ಹೈ' ಅಂತ ಹಾಕಿಬಿಡುತ್ತಿದ್ದೆ. ಇಲ್ಲದಿದ್ದರೆ ಡೆವಲಪರ್‌ಗಳು ತಿರುಗಿಯೂ ನೋಡುತ್ತಿರಲಿಲ್ಲ.

ಬುದ್ಧಿ ಬಂದದ್ದು ತೂಕದ ಬಗ್ ಒಂದರಿಂದ. ಚೀಲದ ತೂಕ 48.650 ಕೆ.ಜಿ., ಬಿಲ್ ಲೆಕ್ಕ ಹಾಕಿದ್ದು 48ಕ್ಕೆ. ಎರರ್ ಇಲ್ಲ, ಏನಿಲ್ಲ. ಕ್ವಿಂಟಾಲಿಗೆ 40,000 ರೂಪಾಯಿ ಅಂತ ಹಿಡಿದರೂ ಒಂದೇ ಚೀಲಕ್ಕೆ ಬೆಳೆಗಾರರಿಗೆ 260 ರೂಪಾಯಿ ಖೋತಾ. ಅದಕ್ಕೆ ನಾನು 'ಮೈನರ್' ಅಂತ ಬರೆದಿದ್ದೆ! ಅದೇ ವಾರ, ಪ್ರಿಂಟ್ ಕೊಟ್ಟಾಗ ಮುಚ್ಚಿಹೋಗುತ್ತಿದ್ದ ವಿಂಡೋಗೆ 'ಕ್ರಿಟಿಕಲ್'. ಅದನ್ನು ಮತ್ತೆ ತೆರೆದರೆ ಪ್ರಿಂಟ್ ಬರುತ್ತಿತ್ತು.

ಈಗ ಸಿವಿಯಾರಿಟಿ ಹಾಕುವ ಮೊದಲು ಎರಡೇ ಪ್ರಶ್ನೆ. ದುಡ್ಡೋ ಡೇಟಾವೋ ಕೆಡುತ್ತದಾ? ಕೆಲಸ ಮುಗಿಸಲು ಬೇರೆ ದಾರಿ ಇದೆಯಾ? ಪ್ರಯಾರಿಟಿಯ ಪ್ರಶ್ನೆ ಬೇರೆ: ಎಷ್ಟು ಬೇಗ ಸರಿಮಾಡಬೇಕು? ಅದನ್ನು ಮ್ಯಾನೇಜರ್ ಹೇಳಲಿ. ಗಿರಾಕಿ ಫೋನಿನಲ್ಲಿ ಕೂಗಾಡಿದರೆ ಪ್ರಯಾರಿಟಿ ಏರಬಹುದು, ಸಿವಿಯಾರಿಟಿ ಏರಬಾರದು. ಬಗ್ ಬರೆದಿಡುವ ಸಾಫ್ಟ್‌ವೇರ್ ಬಗ್‌ಜಿಲ್ಲಾದಲ್ಲಿ ಎರಡಕ್ಕೂ ಬೇರೆ ಬೇರೆ ಜಾಗ ಇದೆ. ಅಂಥದ್ದೇ ಇನ್ನೊಂದು, ನಾವು ಬಳಸುವ ಜಿರಾದಲ್ಲಿ ಪ್ರಯಾರಿಟಿ ಮಾತ್ರ ಇತ್ತು, ಇನ್ನೊಂದನ್ನು ನಾವೇ ಸೇರಿಸಿಕೊಂಡೆವು.

ಒಮ್ಮೆ ರಸೀದಿಯಲ್ಲಿ ಅಡಿಕೆಯ ಬಗೆ ಕೆಂಪುಗೋಟು ಅಂತ ಇರಬೇಕಾದಲ್ಲಿ, ಇನ್ನೊಂದು ಬಗೆಯಾದ ಬಿಳಿಗೋಟು ಅಂತ ಅಚ್ಚಾಯಿತು. ದರ, ಮೊತ್ತ ಎಲ್ಲ ಸರಿ. ಸಿವಿಯಾರಿಟಿ ಕಡಿಮೆಯೇ. ಆದರೆ ಚೀಟಿ ಹಿಡಿದ ಹಿರಿಯರೊಬ್ಬರು "ತಂಗಿ, ನಾನು ತಂದದ್ದು ಇದಲ್ಲ" ಅಂದರೆ ಏನು ಹೇಳುವುದು? ಪ್ರಯಾರಿಟಿ ಒಂದು, ಅಂದರೆ ಎಲ್ಲಕ್ಕಿಂತ ಮೊದಲು; ಸಂಜೆಯೊಳಗೆ ಸರಿಯಾಯಿತು. ಇನ್ನೊಂದು ಇದಕ್ಕೆ ಉಲ್ಟಾ: ಮಾರ್ಚ್ ಕೊನೆಯ ವರದಿ ತೆಗೆದರೆ ಇಡೀ ಪ್ರೋಗ್ರಾಂ ಬಿದ್ದುಹೋಗುತ್ತಿತ್ತು. ಸಿಕ್ಕಿದ್ದು ಜೂನ್‌ನಲ್ಲಿ, ಹೊರಗೆ ಜಡಿಮಳೆ. ಸಿವಿಯಾರಿಟಿ ಜಾಸ್ತಿ, ಅವಸರ ಇಲ್ಲ.

ಇಷ್ಟಾದರೂ ನಾನೊಂದು, ಜೊತೆಯ ಟೆಸ್ಟರ್ ಒಂದು ಹಾಕುತ್ತಿದ್ದೆವು. ಒಂದು ಮಧ್ಯಾಹ್ನ ಹಳೆಯ 20 ಬಗ್ ತೆಗೆದು, ಒಬ್ಬರದು ಒಬ್ಬರು ನೋಡದೆ ಗುರುತು ಹಾಕಿದೆವು. 7ರಲ್ಲಿ ತಾಳೆಯಾಗಲಿಲ್ಲ. ಯಾಕೆ ಅಂತ ಜಗಳಾಡಿ, ಒಪ್ಪಿದ್ದನ್ನು ಒಂದೊಂದು ಸಾಲಿನಲ್ಲಿ ಬರೆದಿಟ್ಟೆವು. ದೊಡ್ಡ ನಿಯಮಾವಳಿಗಿಂತ ಆ ಸಾಲುಗಳೇ ಹೆಚ್ಚು ಉಪಯೋಗಕ್ಕೆ ಬಂದವು. ಹೊಸಬರು ಬಂದರೆ ಅದೇ 20 ಬಗ್ ಕೊಡುತ್ತೇವೆ.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಪ್ರಿಂಟ್‌ನಲ್ಲಿ ಒತ್ತಕ್ಷರ ಒಡೆದು ಬೆಳೆಗಾರರ ಹೆಸರೇ ಓದಲು ಬಾರದ ಹಾಗಾಗುತ್ತದೆ. ಜೊತೆಯ ಟೆಸ್ಟರ್ ಅದಕ್ಕೆ 'ಟ್ರಿವಿಯಲ್' ಅನ್ನುತ್ತಾಳೆ. ನಾನು ಒಪ್ಪಿಲ್ಲ.